ಬೀಗದ ಕೈ ಯಾರ ಹತ್ತಿರ?

ಅಮೆರಿಕದ ವಾಲ್‌ಮಾರ್ಟ್‌ಗೆ ಹೋದವರು ನೋಡಿರಬಹುದು. ಮೀನಿನ ಗಾಳ, ಟೆಂಟು, ಬೇಸ್‌ಬಾಲ್ ಬ್ಯಾಟು ಇರುವ ಕಡೆಯೇ ಒಂದು ಗಾಜಿನ ಕಪಾಟು ಇರುತ್ತೆ. ಅದರೊಳಗೆ ಬಂದೂಕಿನ ಗುಂಡುಗಳ ಡಬ್ಬಿಗಳು. ಹಾಲು, ಬ್ರೆಡ್ಡಿನ ಹಾಗೆ ನಾವೇ ಕೈಹಾಕಿ ತಗೊಳ್ಳೋ ಹಾಗಿಲ್ಲ. ಕೌಂಟರಿನಲ್ಲಿರುವ ನೌಕರ ಬಂದು ಬೀಗ ತೆಗೆದು ಕೊಡಬೇಕು. ಮಾಮೂಲಿ ದಿನಗಳಲ್ಲಿ ಆ ನೌಕರನ ಮುಖ ಯಾರಿಗೂ ನೆನಪಿರಲ್ಲ. 2013ರಲ್ಲಿ ಮಾತ್ರ ಅವನ ಗುರುತು ಪರಿಚಯ ಇದ್ದವರೇ ಪುಣ್ಯವಂತರು.

ಆಗಿದ್ದೇನು ಅಂದರೆ, 2012ರ ಡಿಸೆಂಬರ್ 14ರಂದು ಕನೆಕ್ಟಿಕಟ್ ರಾಜ್ಯದ ಸ್ಯಾಂಡಿ ಹುಕ್ ಶಾಲೆಯಲ್ಲಿ ಒಬ್ಬ ಯುವಕ 20 ಮಕ್ಕಳನ್ನೂ 6 ಮಂದಿ ಸಿಬ್ಬಂದಿಯನ್ನೂ ಗುಂಡಿಟ್ಟು ಕೊಂದ. ಬಂದೂಕು ಕಾನೂನು ಬಿಗಿಯಾಗಬೇಕು ಅಂತ ಅಧ್ಯಕ್ಷ ಒಬಾಮ ಹೇಳಿದರು. ಅಷ್ಟು ಸಾಕಾಯ್ತು. ‘ಇನ್ನು ಸಿಗಲ್ಲವಂತೆ’ ಅನ್ನೋ ಭಯಕ್ಕೆ ಜನ ಅಂಗಡಿಗಳಿಗೆ ಮುಗಿಬಿದ್ದರು. ಆ ಒಂದೇ ತಿಂಗಳಲ್ಲಿ ಎಫ್‌ಬಿಐ ನಡೆಸಿದ ಬಂದೂಕು ಖರೀದಿಯ ಹಿನ್ನೆಲೆ ತಪಾಸಣೆಗಳು ಸುಮಾರು 27.8 ಲಕ್ಷ, ಅಲ್ಲಿಯವರೆಗಿನ ದಾಖಲೆ. ಹೊಸ ಕಾನೂನಿನ ಪ್ರಸ್ತಾಪ 2013ರ ಏಪ್ರಿಲ್‌ನಲ್ಲೇ ಸೆನೆಟ್‌ನಲ್ಲಿ ಬಿದ್ದುಹೋಯಿತು. ಕಾನೂನು ಬರಲಿಲ್ಲ, ಆದರೆ ಗುಂಡೂ ಸಿಗಲಿಲ್ಲ.

ಅತಿ ಹೆಚ್ಚು ಕಾಲ ಮಾಯವಾಗಿದ್ದು ದೊಡ್ಡ ಬಂದೂಕಿನ ಗುಂಡಲ್ಲ, ಅತಿ ಚಿಕ್ಕದು. ಕಾಲೇಜಿನಲ್ಲಿ ಎನ್‌ಸಿಸಿ ಇದ್ದವರಿಗೆ ‘ಪಾಯಿಂಟ್ ಟೂ ಟೂ’ ಗೊತ್ತಿರುತ್ತೆ. 1887ರಿಂದ ಬಳಕೆಯಲ್ಲಿರುವ ಆ .22 ಗುಂಡು ಅಮೆರಿಕದಲ್ಲಿ ಕಡ್ಲೆಪುರಿ ಇದ್ದ ಹಾಗೆ. ಅಪ್ಪ ಮಗನಿಗೆ ಗುರಿ ಕಲಿಸೋದು ಅದರಲ್ಲೇ, ಅಳಿಲು ಮೊಲ ಹೊಡೆಯೋದೂ ಅದರಲ್ಲೇ. 500 ಗುಂಡುಗಳ ಕಟ್ಟಿಗೆ ಅವರು ‘ಬ್ರಿಕ್’ ಅಂತಾರೆ, ನೋಡೋದಕ್ಕೂ ಇಟ್ಟಿಗೆ ಥರವೇ. ಬೆಲೆ 20 ಡಾಲರ್ ಆಸುಪಾಸು ಇತ್ತು. ಅದನ್ನು ಮಾಡುವ ಯಂತ್ರಗಳೇ ಬೇರೆ, ಲಾಭ ಕಡಿಮೆ. ಕಾರ್ಖಾನೆಗಳು ಹಗಲು ರಾತ್ರಿ ಓಡಿದವು ನಿಜ, ಆದರೆ ನಾಳೆ ಇಳಿದುಹೋಗಬಹುದಾದ ಭಯವನ್ನು ನಂಬಿ ಹೊಸ ಕಾರ್ಖಾನೆ ಕಟ್ಟೋಕೆ ಯಾರು ದುಡ್ಡು ಹಾಕ್ತಾರೆ?

ಅಭಾವ ಅಂದ ಮೇಲೆ ಗಾಳಿಸುದ್ದಿ ಇರಲೇಬೇಕಲ್ಲ. ಸರ್ಕಾರವೇ ಗುಂಡುಗಳನ್ನೆಲ್ಲ ಕೊಂಡು ಬಚ್ಚಿಡ್ತಿದೆ ಅಂತ ಒಂದು ಸುದ್ದಿ. ಗೃಹಭದ್ರತಾ ಇಲಾಖೆ 160 ಕೋಟಿ ಗುಂಡು ಕೊಳ್ತಿದೆಯಂತೆ! ಆ ಸಂಖ್ಯೆ ನಾಲ್ಕೈದು ವರ್ಷಗಳ ಗುತ್ತಿಗೆಯ ಗರಿಷ್ಠ ಮಿತಿ ಅಷ್ಟೇ ಆಗಿತ್ತು. ಸರ್ಕಾರಿ ಲೆಕ್ಕಪರಿಶೋಧಕರು 2014ರ ಜನವರಿಯಲ್ಲಿ ವರದಿ ಕೊಟ್ಟಾಗ, 2013ರಲ್ಲಿ ಇಲಾಖೆ ನಿಜವಾಗಿ ಕೊಂಡದ್ದು ಸುಮಾರು 8.4 ಕೋಟಿ ಅಂತ ಗೊತ್ತಾಯ್ತು, ಅದೂ ಹಿಂದಿನ ವರ್ಷಗಳ ಸರಾಸರಿಗಿಂತ ಕಡಿಮೆ. ಪಿಂಚಣಿ ಹಂಚುವ ಸೋಷಿಯಲ್ ಸೆಕ್ಯುರಿಟಿ ಕಚೇರಿ ತನ್ನ ತನಿಖಾಧಿಕಾರಿಗಳಿಗೆ ಅಂತ 1.74 ಲಕ್ಷ ಗುಂಡು ಕೊಂಡದ್ದಂತೂ ದೊಡ್ಡ ಗುಲ್ಲಾಗಿತ್ತು. ಮುದುಕರ ಮೇಲೆ ಯುದ್ಧ ಸಾರ್ತಾರಾ ಅಂತ!

ಸರ್ಕಾರದ ಮೇಲಿನ ಅನುಮಾನಕ್ಕೆ ಆಧಾರ ಇರಲಿಲ್ಲ. ಅಂಗಡಿಯವರ ಮೇಲೆ ಎದ್ದ ಅನುಮಾನದ ಕಥೆಯೇ ಬೇರೆ.

2013ರ ಜನವರಿಯಲ್ಲಿ ವಾಲ್‌ಮಾರ್ಟ್ ಒಂದು ನಿಯಮ ತಂತು: ಒಬ್ಬರಿಗೆ ದಿನಕ್ಕೆ ಮೂರೇ ಡಬ್ಬಿ. ನ್ಯಾಯವಾಗೇ ಇದೆ ಅನ್ನಿಸುತ್ತೆ. ಆದರೆ ಮೂರು ಡಬ್ಬಿ ಸಿಗಬೇಕಾದರೆ ಲಾರಿ ಬಂದಿಳಿದ ಹೊತ್ತಿಗೆ ನೀವು ಅಲ್ಲಿರಬೇಕು. ಬೆಳಿಗ್ಗೆ ಆರಕ್ಕೇ ಬಂದು ಕೂರುವ ಪುರುಸೊತ್ತು ಇದ್ದದ್ದು ರಿಟೈರ್ ಆದವರಿಗೆ, ಮತ್ತೆ ಕೊಂಡು ಮಾರೋದನ್ನೇ ಕಸುಬು ಮಾಡಿಕೊಂಡವರಿಗೆ. ಶಿಫ್ಟ್ ಮುಗಿಸಿ ಸಂಜೆ ಬರುವವನಿಗೆ ಸಿಗ್ತಿದ್ದದ್ದು ಖಾಲಿ ಗಾಜು. ಇನ್ನು ಲಾರಿ ಯಾವಾಗ ಬಂತು, ಅದರಲ್ಲಿ ಎಷ್ಟಿತ್ತು ಅನ್ನೋದು ನಿಖರವಾಗಿ ಗೊತ್ತಿದ್ದದ್ದು ಒಳಗಿನ ನೌಕರರಿಗೆ ಮಾತ್ರ. ಅಲ್ಲಿಂದಲೇ ದೂರುಗಳು ಶುರು. ಡಬ್ಬಿಗಳು ಕಪಾಟಿಗೆ ಬರೋದಕ್ಕೆ ಮುಂಚೆಯೇ ನೌಕರರೇ ಕೊಂಡುಕೊಳ್ತಾರೆ, ಗೆಳೆಯರಿಗೆ ಮೆಸೇಜ್ ಹಾಕ್ತಾರೆ, ಒಳಗೆ ಮಾಲಿದ್ದರೂ ‘ಸ್ಟಾಕ್ ಇಲ್ಲ’ ಅಂತಾರೆ ಅಂತ ಊರೂರಲ್ಲೂ ಜನ ಗೊಣಗಿದರು. ಎಲ್ಲ ದೂರೂ ನಿಜ ಅಂತ ನಾನು ಹೇಳಲ್ಲ. ಖಾಲಿ ಕಪಾಟಿನ ಮುಂದೆ ನಿಂತವನಿಗೆ ಯಾರ ಮೇಲಾದರೂ ಸಿಟ್ಟು ಬೇಕು, ಎದುರಿಗಿರೋನು ನೌಕರ ಒಬ್ಬನೇ.

ಆದರೆ ಲೆಕ್ಕ ಹಾಕಿ ನೋಡಿ. ದೊಡ್ಡ ಅಂಗಡಿಯ ಬೆಲೆಪಟ್ಟಿಯಲ್ಲಿ ಆ ಇಟ್ಟಿಗೆ ಇನ್ನೂ 20ರ ಆಸುಪಾಸಿನಲ್ಲೇ ಇದ್ದಾಗ, ವಾರಾಂತ್ಯದ ಬಂದೂಕು ಸಂತೆಯಲ್ಲಿ ಅದಕ್ಕೆ ಎರಡು ಮೂರು ಪಟ್ಟು ಬೆಲೆ. ಆ ದೇಶದ ಕನಿಷ್ಠ ಕೂಲಿ ಗಂಟೆಗೆ 7.25 ಡಾಲರ್. ಒಂದು ಕಟ್ಟು ಆಚೆ ಸಾಗಿಸಿ 30 ಡಾಲರ್ ಉಳಿಸಿದರೆ ನಾಲ್ಕು ಗಂಟೆಯ ಸಂಬಳ ಕೈಗೆ ಬಂದಂತೆ. ಬೆಲೆ ಏರಿಸಿದರೆ ಗಿರಾಕಿಗಳು ಬೈತಾರೆ ಅಂತ ಕಂಪನಿ ಬೆಲೆಯನ್ನು ಹಾಗೇ ಬಿಟ್ಟಿತು, ಒಳ್ಳೆಯದೇ. ಆದರೆ ಪಟ್ಟಿಯ ಬೆಲೆಗೂ ಬೀದಿಯ ಬೆಲೆಗೂ ನಡುವಿನ ಆ ದುಡ್ಡು ಗಾಳಿಯಲ್ಲಿ ಕರಗಿಹೋಗಲ್ಲ. ಅದು ಯಾರ ಜೇಬಿಗೆ ಅನ್ನೋದನ್ನ ತೀರ್ಮಾನಿಸುವ ಅಧಿಕಾರ, ಇಡೀ ಕಂಪನಿಯಲ್ಲಿ ಅತಿ ಕಡಿಮೆ ಸಂಬಳ ತಗೊಳ್ಳೋನ ಬೀಗದ ಕೈಗೆ ಬಂದುಬಿಡ್ತು.

ಇದು ಹೊಸ ಕಥೆ ಏನಲ್ಲ. ‘ಕೌಂಟರಿನ ಕೆಳಗೆ’ ಅನ್ನೋ ಅರ್ಥದ ಇಂಗ್ಲಿಷ್ ನುಡಿಗಟ್ಟು ಚಾಲ್ತಿಗೆ ಬಂದದ್ದೇ ಎರಡನೇ ಮಹಾಯುದ್ಧದ ಕಾಲದಲ್ಲಿ. ಬ್ರಿಟನ್ನಿನಲ್ಲಿ 1940ರ ಜನವರಿಯಿಂದ ಬೇಕನ್, ಬೆಣ್ಣೆ, ಸಕ್ಕರೆಗೆ ರೇಷನ್ ಬಂತು. ಪ್ರತಿ ಮನೆಯವರೂ ಒಂದು ಅಂಗಡಿಯಲ್ಲಿ ಹೆಸರು ಬರೆಸಿಕೊಳ್ಳಬೇಕು, ಪುಸ್ತಕ ತೋರಿಸಿ ತಮ್ಮ ಪಾಲು ತಗೊಳ್ಳಬೇಕು. ಅಂಗಡಿಯವನಿಗೆ ನಿಮ್ಮನ್ನು ಕಂಡರೆ ಆಗದೇ ಇದ್ದರೂ ನಿಮ್ಮ ಬೆಣ್ಣೆ ನಿಮಗೆ ಕೊಡಲೇಬೇಕು. ತಮಾಷೆ ಇರೋದು ರೇಷನ್ ಇಲ್ಲದ ಪದಾರ್ಥಗಳಲ್ಲಿ. ಮೀನು, ಸಿಗರೇಟು, ಕಟುಕರ ಅಂಗಡಿಯ ಲಿವರ್, ಕಿಡ್ನಿಗಳಿಗೆ ರೇಷನ್ ಪುಸ್ತಕ ಇರಲಿಲ್ಲ, ಮಾಲೂ ಸಾಲದು. ಇವೆಲ್ಲ ಕೌಂಟರಿನ ಕೆಳಗೆ ಸೇರಿದವು. ಪರಿಚಯದ ಹೆಂಗಸು ಬಂದರೆ ಕಾಗದದಲ್ಲಿ ಸುತ್ತಿದ ಪೊಟ್ಟಣ ಸದ್ದಿಲ್ಲದೆ ಚೀಲಕ್ಕೆ ಇಳಿಯೋದು. ಇದರಿಂದ ಹೆಚ್ಚು ಸೋತವರು ಯಾರು ಗೊತ್ತಾ? ಯುದ್ಧದ ಕಾರ್ಖಾನೆಗಳಲ್ಲಿ ಬಾಂಬು, ಗುಂಡು ತಯಾರಿಸುತ್ತಿದ್ದ ಹೆಂಗಸರು. ಅವರ ಪಾಳಿ ಮುಗಿಯೋ ಹೊತ್ತಿಗೆ ಅಂಗಡಿಯಲ್ಲಿ ಏನೂ ಉಳಿದಿರ್ತಿರಲಿಲ್ಲ. ಸಾಮಾನು ತರೋಕೆ ಅಂತ ಅವರು ಕೆಲಸಕ್ಕೆ ಚಕ್ಕರ್ ಹೊಡೆಯೋದು ಸರ್ಕಾರಕ್ಕೇ ತಲೆನೋವಾಯ್ತು.

ಯುದ್ಧ ಮುಗಿದ ಮೇಲೆ ಅಮೆರಿಕದಲ್ಲೂ ನೈಲಾನ್ ಕಾಲುಚೀಲಗಳಿಗೆ ಇದೇ ಗತಿ. 1946ರ ಜೂನ್‌ನಲ್ಲಿ ಪಿಟ್ಸ್‌ಬರ್ಗ್‌ನಲ್ಲಿ 13,000 ಜೊತೆಗಳಿಗೆ 40,000 ಜನ ಸಾಲು ನಿಂತಿದ್ದರು. ಅಂಥ ಸಾಲಿನ ಎದುರು ನಿಂತ ಸೇಲ್ಸ್‌ಗರ್ಲ್ ತನ್ನ ತಂಗಿಗೆ ಅಂತ ಒಂದು ಜೊತೆ ತೆಗೆದಿಟ್ಟರೆ ಯಾರು ತಾನೇ ಲೆಕ್ಕ ಕೇಳ್ತಾರೆ?

2013ರ ಗುಂಡಿಗೂ ರೇಷನ್ ಪುಸ್ತಕ ಇರಲಿಲ್ಲ. ಲೆಕ್ಕದ ಪುಸ್ತಕವೂ ಇರಲಿಲ್ಲ ಅನ್ನಬಹುದು. 1968ರ ಬಂದೂಕು ಕಾನೂನಿನಲ್ಲಿ ವ್ಯಾಪಾರಿಗಳು ಗುಂಡು ಕೊಂಡವರ ವಿವರ ಬರೆದಿಡಬೇಕು ಅಂತಿತ್ತು. 1986ರಲ್ಲಿ ಅದನ್ನು ಬಹುಮಟ್ಟಿಗೆ ತೆಗೆದುಹಾಕಿದರು. ನಮ್ಮಲ್ಲಿ ಲೈಸೆನ್ಸಿನಲ್ಲೇ ಎಷ್ಟು ತೋಟಾ ಕೊಳ್ಳಬಹುದು ಅಂತ ನಮೂದಾಗಿರುತ್ತೆ, ಅಂಗಡಿಯವನು ಲೆಕ್ಕ ಇಡಲೇಬೇಕು. ಅಮೆರಿಕದ ಬಂದೂಕುಪ್ರಿಯರಿಗೆ ಇಂಥ ವ್ಯವಸ್ಥೆ ಅಂದರೆ ಮೈಯೆಲ್ಲ ಉರಿಯುತ್ತೆ. ಸರ್ಕಾರದ ಲೆಕ್ಕ ಬೇಡ ಅಂದವರು ಕೊನೆಗೆ ಕೌಂಟರಿನ ಹುಡುಗನ ಮರ್ಜಿ ಕಾಯಬೇಕಾಯ್ತು.

2016ರ ಚುನಾವಣೆಯಲ್ಲಿ ಟ್ರಂಪ್ ಗೆದ್ದರು. ಕಾನೂನು ಬಿಗಿಯಾಗುವ ಭಯ ಹೋಯಿತು, ಮಾರಾಟ ಕುಸಿಯಿತು, ಇಟ್ಟಿಗೆಗಳು ಕಪಾಟಿಗೆ ವಾಪಸ್ ಬಂದವು. ರೆಮಿಂಗ್ಟನ್‌ನಂಥ ಹಳೇ ಕಂಪನಿಯೇ 2018ರಲ್ಲಿ ದಿವಾಳಿ ಅರ್ಜಿ ಹಾಕಿತು. ಗ್ಯಾರೇಜಿನಲ್ಲಿ ಗುಂಡು ಪೇರಿಸಿಟ್ಟು ಲಾಭ ಕಾಯ್ತಾ ಕೂತಿದ್ದವರ ಮುಖ ನೋಡಬೇಕಿತ್ತು.

ಆಮೇಲೆ 2020. ಕೊರೊನಾ, ಜಾರ್ಜ್ ಫ್ಲಾಯ್ಡ್ ಹತ್ಯೆ, ಗಲಭೆ, ಮತ್ತೊಂದು ಚುನಾವಣೆ. ಹಿನ್ನೆಲೆ ತಪಾಸಣೆಗಳು ಹಿಂದಿನ ವರ್ಷದ 2.84 ಕೋಟಿಯಿಂದ 3.97 ಕೋಟಿಗೆ ಏರಿದವು. ಈ ಸಲ ಮೊದಲ ಬಾರಿ ಬಂದೂಕು ಕೊಂಡವರೇ ಲಕ್ಷಾಂತರ ಮಂದಿ. ಅವರಲ್ಲಿ ಹೆಂಗಸರು, ಕಪ್ಪು ವರ್ಣದವರು ಎಂದಿಗಿಂತ ಹೆಚ್ಚು. ಈಗ ಗುಂಡು ಒಳಗಿಟ್ಟವನು ಕಳ್ಳ ನೌಕರ ಅಲ್ಲ, ಅಂಗಡಿ ಮಾಲೀಕನೇ. ‘ಬಂದೂಕು ಕೊಂಡವರಿಗೆ ಮಾತ್ರ ಗುಂಡು, ಒಂದೋ ಎರಡೋ ಡಬ್ಬಿ’ ಅಂತ ಎಷ್ಟೋ ಅಂಗಡಿಗಳು ಹೇಳಿಬಿಟ್ಟವು. ಶೂಟಿಂಗ್ ರೇಂಜ್ ನಡೆಸುವವರು, ಇಲ್ಲೇ ಹೊಡೆದು ಮುಗಿಸೋದಾದರೆ ಮಾತ್ರ ಕೊಡ್ತೀವಿ ಅಂದರು. ಅವರ ವಾದ ಸರಳ: 50 ಗುಂಡಿನ ಒಂದು ಡಬ್ಬಿ ಇಲ್ಲ ಅಂತ 500 ಡಾಲರಿನ ಪಿಸ್ತೂಲು ಮಾರಾಟವಾಗದೆ ಕೂತರೆ ಬಾಡಿಗೆ ಕಟ್ಟೋದು ಹೇಗೆ? ಇದರಲ್ಲಿ ಮುಚ್ಚುಮರೆ ಏನೂ ಇಲ್ಲ, ನಿಯಮವನ್ನ ಬಾಗಿಲಿಗೇ ಅಂಟಿಸಬಹುದು. ನನಗೆ ಇದು ಒಪ್ಪಿಗೆ.

ಒಪ್ಪೋದಕ್ಕೆ ಕಷ್ಟವಾಗೋದು ‘ನಮ್ಮ ಹಳೇ ಗಿರಾಕಿ’ಗೆ ಅಂತ ತೆಗೆದಿಡೋದು. ಕೇಳೋಕೆ ಎಷ್ಟು ಚೆನ್ನಾಗಿದೆ! ಇಪ್ಪತ್ತು ವರ್ಷದಿಂದ ಬರ್ತಿರೋ ತಾತ, ಮೊಮ್ಮಗನಿಗೆ ಗುರಿ ಕಲಿಸ್ತಿದ್ದಾರೆ, ಪಾಪ, ಅವರಿಗೊಂದು ಡಬ್ಬಿ ಇರಲಿ. ಬೀದಿಯಲ್ಲಿ ಮೂರು ಪಟ್ಟಿಗೆ ಮಾರುವವನನ್ನು ಎಲ್ಲರೂ ಬೈತೀವಿ. ಆದರೆ ಅವನು ದುಡ್ಡು ಕೊಟ್ಟ ಯಾರಿಗಾದರೂ ಮಾರ್ತಾನೆ. ಕೌಂಟರಿನ ಹಿಂದಿನ ಒಳ್ಳೆ ಮನುಷ್ಯ ಮಾತ್ರ ತನಗೆ ಗೊತ್ತಿರೋರಿಗಷ್ಟೇ ಕೊಡ್ತಾನೆ. ಸಣ್ಣ ಊರಿನ ಬಂದೂಕು ಅಂಗಡಿಯಲ್ಲಿ ಇಪ್ಪತ್ತು ವರ್ಷದಿಂದ ಬರ್ತಿರೋರು ಬಹುಪಾಲು ಯಾರಿರ್ತಾರೆ, ಮೊನ್ನೆ ಮೊನ್ನೆ ಹೆದರಿ ಮೊದಲ ಪಿಸ್ತೂಲು ಕೊಂಡ ಒಂಟಿ ಹೆಂಗಸು ಆ ಪಟ್ಟಿಯಲ್ಲಿ ಇರ್ತಾಳಾ ಅನ್ನೋದನ್ನ ನೀವೇ ಊಹಿಸಿಕೊಳ್ಳಿ. ಅವಳಿಗೆ ಕೇಳಿಸೋದು ನಗುಮುಖದ ‘ಸ್ಟಾಕ್ ಇಲ್ಲ ಮೇಡಂ’ ಮಾತ್ರ, ಅದು ನಿಜವೋ ಸುಳ್ಳೋ ತಿಳಿಯೋ ದಾರಿಯೂ ಅವಳಿಗಿಲ್ಲ.

ವಾಲ್‌ಮಾರ್ಟ್ ಅಷ್ಟು ಹೊತ್ತಿಗೆ ಈ ವ್ಯಾಪಾರದಿಂದ ಅರ್ಧ ಹೊರಬಂದಿತ್ತು. 2019ರ ಆಗಸ್ಟ್‌ನಲ್ಲಿ ಎಲ್ ಪಾಸೋದ ಅದರದೇ ಅಂಗಡಿಯಲ್ಲಿ ನಡೆದ ಹತ್ಯಾಕಾಂಡದ ಮರುತಿಂಗಳೇ ಪಿಸ್ತೂಲಿನ ಗುಂಡು ಮಾರೋದು ನಿಲ್ಲಿಸ್ತೀವಿ ಅಂತ ಘೋಷಿಸಿತ್ತು. ಅದರಿಂದ ದೇಶದ ಗುಂಡು ಮಾರಾಟದಲ್ಲಿ ತನ್ನ ಪಾಲು ಸುಮಾರು ಶೇ. 20ರಿಂದ ಶೇ. 6–9ಕ್ಕೆ ಇಳಿಯುತ್ತೆ ಅಂತ ಅದೇ ಹೇಳಿಕೊಂಡಿತ್ತು. ಉಳಿದದ್ದು ಬೇಟೆಯ ಗುಂಡು ಮತ್ತೆ ನಮ್ಮ .22. 2020ರ ಅಕ್ಟೋಬರ್ 29ರಂದು, ಫಿಲಡೆಲ್ಫಿಯಾದಲ್ಲಿ ಗಲಭೆ ನಡೀತಿದ್ದಾಗ, ಲೂಟಿಯ ಭಯಕ್ಕೆ ಅದನ್ನೂ ಬಂದೂಕುಗಳನ್ನೂ ಎಲ್ಲ ಅಂಗಡಿಗಳ ಕಪಾಟಿನಿಂದ ತೆಗೆದು ಒಳಗಿಡಿ ಅಂತ ಕಂಪನಿಯೇ ಆದೇಶ ಮಾಡಿತು. ಬೇಕಾದವರು ಕೇಳಿದರೆ ಒಳಗಿಂದ ತಂದು ಕೊಡಲಾಗುತ್ತೆ ಅಂತಲೂ ಹೇಳಿತು. ಮರುದಿನವೇ ಮನಸ್ಸು ಬದಲಾಯಿಸಿ, ಎಲ್ಲವನ್ನೂ ಮತ್ತೆ ಗಾಜಿನ ಕಪಾಟಿಗೆ ಜೋಡಿಸಲು ಹೇಳಿತು.