ಕಗ್ಗದ ಕೂಳೆಯಿಂದ ಬೆಲ್ಲದ ಡ್ರಮ್ಮಿನವರೆಗೆ

ಅಘನಾಶಿನಿ ದಂಡೆಯ ಗಜನಿಯಲ್ಲಿ, ಅಂದರೆ ಉಪ್ಪುನೀರಿನ ಗದ್ದೆಯಲ್ಲಿ, ನಮ್ಮಪ್ಪ ಶೆಟ್ಲಿಗೆ (ಸಿಗಡಿಗೆ) ಒಂದು ಹಿಡಿ ತಿಂಡಿ ಹಾಕಿದವರಲ್ಲ. ಮಳೆಗಾಲದಲ್ಲಿ ಉಪ್ಪುನೀರು ತಾಳುವ ಕಗ್ಗ ಭತ್ತ ಬೆಳೆಯುತ್ತಿದ್ದರು. ತೆನೆಯನ್ನಷ್ಟೇ ಕೊಯ್ದು ಹುಲ್ಲು ಗದ್ದೆಯಲ್ಲೇ ಬಿಡುತ್ತಿದ್ದರು. ಆಮೇಲೆ ತೂಬಿನ ಹಲಗೆ ಎತ್ತಿದರೆ ಭರತದ ನೀರಿನ ಜೊತೆ ಮರಿಗಳು ತಾವಾಗಿ ಒಳಗೆ ಬರುತ್ತಿದ್ದವು. ನೀರಲ್ಲಿ ಕೊಳೆತ ಕೂಳೆಯನ್ನು ನಾನು ಚಿಕ್ಕವನಿದ್ದಾಗ ಎಷ್ಟೋ ಸಲ ಕಿತ್ತು ನೋಡಿದ್ದೇನೆ. ಕೈಗೆ ಜಾರುವ ಕಂದು ಲೋಳೆ, ಅದರಲ್ಲಿ ಪಾಚಿ, ಸಣ್ಣ ಹುಳ, ಕಣ್ಣಿಗೆ ಕಾಣದ ಬ್ಯಾಕ್ಟೀರಿಯಾ. ಶೆಟ್ಲಿ ಮೇಯುತ್ತಿದ್ದುದು ಅದನ್ನೇ.

ತೊಂಬತ್ತರ ದಶಕದಲ್ಲಿ ನಾವೂ ಟೈಗರ್ ಸಿಗಡಿ ಹಾಕಿದೆವು. ಹ್ಯಾಚರಿಯ ಮರಿ, ಚೀಲದ ತಿಂಡಿ, ಒತ್ತೊತ್ತಾಗಿ ಸಾಕಣೆ. 1994ರಲ್ಲಿ ಬಿಳಿಚುಕ್ಕೆ ರೋಗ ಭಾರತದ ಕರಾವಳಿಗೆ ಬಂತು, ಹೆಚ್ಚು ದಿನ ಕಳೆಯದೆ ನಮ್ಮ ಹೊಂಡಕ್ಕೂ ಇಳಿಯಿತು. ಬೆಳಗ್ಗೆ ಹೋದರೆ ಸಿಗಡಿಗಳು ದಂಡೆಗೆ ಬಂದು ಒರಗಿದ್ದವು, ಚಿಪ್ಪಿನ ಒಳಮೈಯಲ್ಲಿ ಸುಣ್ಣದ ಚುಕ್ಕೆ. ಮದ್ದು ಮಾರುವವನೊಬ್ಬನ ಮಾತು ನಂಬಿ ತಿಂಡಿಗೆ ಆಂಟಿಬಯೋಟಿಕ್ ಬೆರೆಸಿದೆ. ಬಿಳಿಚುಕ್ಕೆ ವೈರಸ್ಸಿನ ಕಾಯಿಲೆ. ಆ ಪುಡಿ ಅದಕ್ಕೆ ಮದ್ದೇ ಅಲ್ಲ. "ತಮಾ, ನೀರೇ ಕೆಟ್ರೆ ಮದ್ದು ಹಾಕಿ ಎಂತ ಮಾಡ್ತೆ?" ಎಂದರು ಅಪ್ಪ. ಹೊಂಡ ಖಾಲಿಯಾಯಿತು.

ಮಂಗಳೂರು ಮೀನುಗಾರಿಕೆ ಕಾಲೇಜಿನ ಇಡ್ಯಾ ಕರುಣಾಸಾಗರ್, ಇಂದ್ರಾಣಿ ಕರುಣಾಸಾಗರ್ ಮತ್ತು ಸಂಗಡಿಗರು ಅದೇ 1994ರಲ್ಲಿ, ಆಂಟಿಬಯೋಟಿಕ್‌ಗೆ ಬಗ್ಗದ ವಿಬ್ರಿಯೊ ಹಾರ್ವೆಯಿ ಬ್ಯಾಕ್ಟೀರಿಯಾ ಹ್ಯಾಚರಿಯ ಮರಿಗಳನ್ನು ರಾಶಿರಾಶಿಯಾಗಿ ಕೊಂದದ್ದನ್ನು ಪ್ರಕಟಿಸಿದ್ದರು. ನನಗೆ ಅದು ಗೊತ್ತಾದದ್ದು ಬಹಳ ವರ್ಷಗಳ ಮೇಲೆ. ಅಷ್ಟರಲ್ಲಿ 2005ರ ಕರಾವಳಿ ಜಲಕೃಷಿ ಪ್ರಾಧಿಕಾರ ಕಾಯ್ದೆಯ ನಿಯಮಗಳು ಕ್ಲೋರಾಂಫೆನಿಕಾಲ್, ನೈಟ್ರೋಫ್ಯುರಾನ್ ಬಳಸುವುದನ್ನು ನಿಷೇಧಿಸಿದ್ದವು.

ಆಮೇಲೆ ನಮ್ಮಲ್ಲಿಗೆ ಬಂದದ್ದು ಪ್ರೋಬಯೋಟಿಕ್, ಅಂದರೆ ಒಳ್ಳೆಯ ಬ್ಯಾಕ್ಟೀರಿಯಾ. ಜಪಾನಿನಲ್ಲಿ ಕೊಜಾಸಾ ಎಂಬವರು ಸಾಕುಮೀನಿನ ತಿಂಡಿಗೆ ಬೆಸಿಲಸ್ ಬೀಜಕಣ ಬೆರೆಸಿದ್ದನ್ನು 1986ರಲ್ಲೇ ಬರೆದಿದ್ದರು. ಬೆಸಿಲಸ್ಸೇ ಯಾಕೆಂದರೆ ಅದರ ಬೀಜಕಣ ಒಣಗಿಸಿದರೂ ಸಾಯುವುದಿಲ್ಲ, ಕರುಳಿಗೆ ಹೋಗಿ ಚಿಗುರುತ್ತದೆ, ವಿಬ್ರಿಯೊ ಊರಬೇಕಾದ ಜಾಗವನ್ನು ತಾನು ಹಿಡಿಯುತ್ತದೆ.

ನಾನು ಮಾಡುವುದು ಹೀಗೆ. ಡ್ರಮ್ಮಿನಲ್ಲಿ ಬೆಲ್ಲದ ನೀರು, ತೌಡು, ಯೀಸ್ಟು ಸೇರಿಸಿ ಹುಳಿ ಬರಿಸಿ ಹೊಂಡಕ್ಕೆ ಹುಯ್ಯುತ್ತೇನೆ. ತಿಂಡಿಗೆ ಬೇರೆ ಪ್ರೋಬಯೋಟಿಕ್ ಪುಡಿ, ಕಿಲೋಗೆ 5 ಗ್ರಾಂ. ಮೊಟ್ಟೆಯ ಬಿಳಿಯಲ್ಲಿ ಕಲಸಿ ಕಾಳಿಗೆ ಹಿಡಿಸಿ ನೆರಳಲ್ಲಿ ಆರಿಸುವುದು. ಬಿಸಿಲಿಗೆ ಹಾಕಬಾರದು. ಇದರಿಂದ ಬಿಳಿಚುಕ್ಕೆ ನಿಲ್ಲುತ್ತದೆ ಎಂದು ಯಾರಾದರೂ ಹೇಳಿದರೆ ನಂಬಬೇಡಿ. ವಿಬ್ರಿಯೊ ಹತೋಟಿಗೆ ಬರುತ್ತದೆ, ತಿಂದದ್ದು ಅರಗುತ್ತದೆ, ಅಷ್ಟೇ. ದುಡ್ಡು ಕೊಟ್ಟು ತರುವ ಈ ಪುಡಿಯ ಕೆಲಸದಲ್ಲಿ ಒಂದಿಷ್ಟನ್ನಾದರೂ ಕೂಳೆಯ ಲೋಳೆ ಪುಕ್ಕಟೆ ಮಾಡುತ್ತಿತ್ತೆಂಬುದು ನನ್ನ ಗಟ್ಟಿ ನಂಬಿಕೆ.

ಅದಕ್ಕೇ ಪಡುವಣ ಮೂಲೆಯ ತುಂಡಿನಲ್ಲಿ ಮತ್ತೆ ಕಗ್ಗ ಬಿತ್ತುತ್ತಿದ್ದೇನೆ. ಅಲ್ಲಿ ತೆನೆ ಕೊಯ್ದ ಮೇಲೆ ಬಲೆ ಬೀಸಿ ಒಂದು ಶೆಟ್ಲಿ ಎತ್ತಿ ಬೆಳಕಿಗೆ ಹಿಡಿಯುತ್ತೇನೆ. ತಲೆಯಿಂದ ಬಾಲದವರೆಗೆ ಕರುಳಿನ ಕಪ್ಪು ಗೆರೆ ಎಲ್ಲೂ ಕಡಿಯದೆ ತುಂಬಿರುತ್ತದೆ.