ಎಷ್ಟು ಸಾಲು ಬರುತ್ತೋ ಗೊತ್ತಿಲ್ಲದ ಟೇಬಲ್

ಈ ಸಲ ಒಂದೇ ಒಂದು ಅಂಕಿಯ ಕಥೆ.

ಕೆಲವು ವರ್ಷಗಳ ಹಿಂದೆ ಪುಣೆಯಲ್ಲಿ ನಾನು ಕೆಲಸ ಮಾಡ್ತಿದ್ದ ಕಡೆ ಹಳೇ ಜಾವಾ ಪ್ರೋಗ್ರಾಂ ಒಂದು ನನ್ನ ಪಾಲಿಗೆ ಬಂತು. ಫೈಲಿನಿಂದ ಒಂದೊಂದೇ ಸಾಲು ಓದಿ ಟೇಬಲ್ಲಿಗೆ ತುಂಬೋದು ಅದರ ಕೆಲಸ. ಹತ್ತು ಸಾವಿರ ಸಾಲಿದ್ದಾಗ ಚಕ್ಕಂತ ಮುಗೀತಿತ್ತು. 10 ಲಕ್ಷ ಸಾಲಿನ ಫೈಲ್ ಬಂದ ದಿನ ನಾನು ಕೆಳಗೆ ಹೋಗಿ ಚಹಾ ಕುಡಿದು ಬಂದರೂ ಮುಗಿದಿರಲಿಲ್ಲ. ಡಿಸ್ಕ್ ನಿಧಾನ ಅಂದ್ಕೊಂಡು ಎರಡು ದಿನ ಅದರ ಹಿಂದೆ ಬಿದ್ದೆ. ತಪ್ಪು ಇದ್ದದ್ದು ಟೇಬಲ್ ಮಾಡಿದ ಸಾಲಿನಲ್ಲಿ: ನ್ಯೂ ವೆಕ್ಟರ್ (10, 10). ಆ ಎರಡನೇ ಹತ್ತು.

ಅದು ಯಾಕೆ ತಪ್ಪು ಅನ್ನೋದಕ್ಕೆ ಸ್ವಲ್ಪ ಹಿಂದೆ ಹೋಗಬೇಕು. 1957ರ ಫೋರ್ಟ್ರಾನ್‌ನಲ್ಲಿ ಟೇಬಲ್ ಎಷ್ಟು ದೊಡ್ಡದು ಅಂತ ಪ್ರೋಗ್ರಾಂ ಬರೆಯುವಾಗಲೇ ಹೇಳಬೇಕಿತ್ತು. ಗೊತ್ತಿಲ್ವಾ? ಅಂದಾಜಿಗೊಂದು ದೊಡ್ಡ ಸಂಖ್ಯೆ ಹಾಕಿ. ಆಲ್ಗಾಲ್ 60 ಒಂದು ಹೆಜ್ಜೆ ಮುಂದೆ ಹೋಯ್ತು, ಪ್ರೋಗ್ರಾಂ ಓಡುವಾಗ ಅಳತೆ ಲೆಕ್ಕ ಹಾಕಿ ಕೊಡಬಹುದಿತ್ತು. ಆದರೆ ಒಮ್ಮೆ ಕೊಟ್ಟರೆ ಮುಗೀತು, ಆಮೇಲೆ ಬೆಳೆಯೋದಿಲ್ಲ.

ಬೆಳೆಯದಿರಲು ಕಾರಣ ಸರಳ. ಅರೇ ಅಂದರೆ ಮೆಮೊರಿಯಲ್ಲಿ ಒತ್ತೊತ್ತಾಗಿರುವ ಕೋಣೆಗಳು. ಪಕ್ಕದ ಜಾಗದಲ್ಲಿ ಬೇರೆ ಯಾರೋ ಇರ್ತಾರೆ, ಗೋಡೆ ಒಡೆದು ವಿಸ್ತರಿಸೋಕೆ ಆಗಲ್ಲ. ದೊಡ್ಡ ಮನೆ ಹುಡುಕಿ ಸಾಮಾನೆಲ್ಲ ಸಾಗಿಸಬೇಕು. ಸರಿ, ಸಾಗಿಸಿದಿರಿ ಅಂತಿಟ್ಕೊಳ್ಳಿ. ಹಳೇ ವಿಳಾಸ ಬರೆದಿಟ್ಟುಕೊಂಡವರ ಗತಿ?

ಆಬ್ಜೆಕ್ಟ್‌ಗಳ ಭಾಷೆ ಉಪಯೋಗಕ್ಕೆ ಬಂದದ್ದು ಇಲ್ಲಿ. ಸ್ಮಾಲ್‌ಟಾಕ್-80ರ ಆರ್ಡರ್ಡ್ ಕಲೆಕ್ಷನ್ ನೋಡಿ. ಹೊರಗಿನವರ ಕೈಯಲ್ಲಿರೋದು ಆಬ್ಜೆಕ್ಟಿನ ವಿಳಾಸ ಮಾತ್ರ. ಒಳಗೆ ಮನೆ ಬದಲಾದರೆ ಅವರಿಗೆ ಗೊತ್ತೇ ಆಗಲ್ಲ. ಸೇರಿಸು ಅಂದರೆ ಸೇರುತ್ತೆ, ಅಷ್ಟೇ. 1996ರಲ್ಲಿ ಜಾವಾ ಬಂದಾಗ ಅದರ ವೆಕ್ಟರ್ ಕೂಡ ಇದೇ ಜಾತಿಯದು. ಸ್ವಿಂಗ್‌ನಲ್ಲಿ ಪರದೆ ಮೇಲೆ ಟೇಬಲ್ ತೋರಿಸೋಕೆ ಕೊಟ್ಟಿರುವ ಡಿಫಾಲ್ಟ್ ಟೇಬಲ್ ಮಾಡೆಲ್ ಅಂತೂ ವೆಕ್ಟರ್‌ಗಳ ವೆಕ್ಟರ್. ಪ್ರತಿ ಸಾಲೂ ಒಂದು ವೆಕ್ಟರ್, ಎಲ್ಲ ಸಾಲುಗಳನ್ನು ಹಿಡಿದಿರೋದು ಇನ್ನೊಂದು.

ಕಾಣದಂತೆ ಮನೆ ಬದಲಾಯಿಸೋದೇನೋ ಸರಿ. ಪ್ರತಿ ಸಲ ಎಷ್ಟು ದೊಡ್ಡ ಮನೆ ಹಿಡೀಬೇಕು? ಜಾವಾದ ವೆಕ್ಟರ್ ಏನೂ ಹೇಳದಿದ್ದರೆ ದುಪ್ಪಟ್ಟು ಮಾಡುತ್ತೆ. ಎರಡನೇ ಅಂಕಿ ಕೊಟ್ಟರೆ ಅಷ್ಟಷ್ಟೇ ಹೆಚ್ಚಿಸುತ್ತೆ. ಈಗ ಲೆಕ್ಕ ಮಾಡಿ. ಹತ್ತರಿಂದ ಶುರುವಾಗಿ ಹತ್ತತ್ತೇ ಹೆಚ್ಚಿಸುತ್ತ 10 ಲಕ್ಷಕ್ಕೆ ಹೋಗಲು 99,999 ಸಲ ಮನೆ ಬದಲಾಯಿಸಬೇಕು. ಪ್ರತಿ ಸಲವೂ ಅಲ್ಲೀವರೆಗಿನ ಸಾಮಾನೆಲ್ಲ ಹೊರಬೇಕು: ಒಟ್ಟು ಸುಮಾರು 5,000 ಕೋಟಿ ನಕಲು. ದುಪ್ಪಟ್ಟು ಮಾಡುತ್ತ ಹೋದರೆ 17 ಸಲ, ನಕಲು 13 ಲಕ್ಷದಷ್ಟು. ನಾನು ಕಾಗದದ ಮೇಲೆ ಎರಡು ಸಲ ಲೆಕ್ಕ ಮಾಡಿದೆ, ನಂಬಿಕೆ ಬರಲಿಲ್ಲ.

ಅಪರೂಪಕ್ಕೊಮ್ಮೆ ಬರುವ ದೊಡ್ಡ ಖರ್ಚನ್ನು ಎಲ್ಲ ಸೇರ್ಪಡೆಗಳ ಮೇಲೂ ಕಂತಿನ ಹಾಗೆ ಹಂಚಿ ನೋಡುವ ಈ ಲೆಕ್ಕಕ್ಕೆ ಅಮಾರ್ಟೈಸ್ಡ್ ಅಂತ ಹೆಸರು. ರಾಬರ್ಟ್ ಟಾರ್ಜನ್ 1985ರಲ್ಲಿ ಇದರ ಬಗ್ಗೆಯೇ ಲೇಖನ ಬರೆದರು. ಅಲೆಕ್ಸಾಂಡರ್ ಸ್ಟೆಪನೊವ್ ಸಿ ಪ್ಲಸ್ ಪ್ಲಸ್‌ಗೆ ತಂದ ವೆಕ್ಟರ್ ನನಗೆ ಮೆಚ್ಚುಗೆಯಾಗೋದು ಇದಕ್ಕೇ: ಕೊನೆಗೆ ಸೇರಿಸುವ ಖರ್ಚು ಎಷ್ಟಿರಬೇಕು ಅಂತ 1998ರ ಸ್ಟಾಂಡರ್ಡ್‌ನಲ್ಲೇ ಬರೆದಿದೆ. ಒಳಗಿನ ಮನೆ ಕಾಣದಿದ್ದರೂ ಬಾಡಿಗೆ ಕಾಣುತ್ತೆ.

ಅದೇ 1998ರಲ್ಲಿ ಜಾವಾಕ್ಕೆ ಜಾಶ್ ಬ್ಲಾಕ್ ರೂಪಿಸಿದ ಕಲೆಕ್ಷನ್ಸ್ ಬಂತು. ಅದರ ಅರೇಲಿಸ್ಟ್‌ಗೆ ಮೊದಲ ಅಳತೆ ಕೊಡಬಹುದು, ಎಷ್ಟೆಷ್ಟು ಹೆಚ್ಚಿಸಬೇಕು ಅಂತ ಹೇಳೋಕೆ ದಾರಿಯೇ ಇಲ್ಲ. ಆ ತಿರುಪನ್ನೇ ತೆಗೆದುಬಿಟ್ಟಿದ್ದಾರೆ. ನಮ್ಮ ಪ್ರೋಗ್ರಾಂ ಬರೆದವರು ಬಹುಶಃ ಮೆಮೊರಿ ಉಳಿಸೋಕೆ ಆ ಹತ್ತು ಹಾಕಿರಬೇಕು. ದುಪ್ಪಟ್ಟು ಮಾಡಿದರೆ ಅರ್ಧ ಜಾಗ ಖಾಲಿ ಬೀಳಬಹುದು, ಆ ಕಾಲಕ್ಕೆ ಅದು ಸಣ್ಣ ವಿಷಯ ಅಲ್ಲ. ನಾನು ಅದನ್ನು ಅಳಿಸಿ, ಕಂಪೈಲ್ ಮಾಡಿ, ಅದೇ ಫೈಲ್ ಮತ್ತೆ ಕೊಟ್ಟೆ. ಚಹಾಕ್ಕೆ ಏಳುವ ಮೊದಲೇ ಟೇಬಲ್ ತುಂಬಿತ್ತು.