ಬೆಂಗಳೂರು ಅರಮನೆಗೆ ಸಾಗುವ ಬೀದಿ (ಮುದ್ರಣಚಿತ್ರ)

'ಬೆಂಗಳೂರು ಅರಮನೆಗೆ ಸಾಗುವ ಬೀದಿ' ಎಂಬುದು ಬ್ರಿಟಿಷ್ ಸೈನ್ಯಾಧಿಕಾರಿ ಜೇಮ್ಸ್ ಹಂಟರ್ ರಚಿಸಿದ ಚಿತ್ರವನ್ನು ಆಧರಿಸಿದ ವರ್ಣ ಮುದ್ರಣಚಿತ್ರ. ಲಂಡನ್ನಿನ ಎಡ್ವರ್ಡ್ ಓರ್ಮ್ 1804–05ರಲ್ಲಿ ಹೊರತಂದ, ಮೈಸೂರು ರಾಜ್ಯದ 40 ದೃಶ್ಯಗಳ ಸಂಪುಟದಲ್ಲಿ ಇದು ಸೇರಿದೆ. ಶೀರ್ಷಿಕೆಯಲ್ಲಿ ಹೇಳಿರುವುದು ಕೋಟೆಯೊಳಗಿನ ಟಿಪ್ಪು ಸುಲ್ತಾನನ ಅರಮನೆಯನ್ನು. ವಸಂತನಗರದ ಒಡೆಯರ ಅರಮನೆಯನ್ನಲ್ಲ.

ಹಿನ್ನೆಲೆ

ಹಂಟರ್ ರಾಯಲ್ ಆರ್ಟಿಲರಿಯ ಲೆಫ್ಟಿನೆಂಟ್ ಆಗಿದ್ದು, ಮೂರನೆಯ ಮೈಸೂರು ಯುದ್ಧದಲ್ಲಿ ಕಾರ್ನ್‌ವಾಲಿಸನ ಸೈನ್ಯದಲ್ಲಿ ಸೇವೆ ಸಲ್ಲಿಸಿದನು. 1791ರಲ್ಲಿ ಈ ಸೈನ್ಯವು ಘಟ್ಟವನ್ನೇರಿ ಕೋಲಾರ ಮತ್ತು ಹೊಸಕೋಟೆಗಳನ್ನು ವಶಪಡಿಸಿಕೊಂಡು ಬೆಂಗಳೂರನ್ನು ತಲುಪಿತು. ಮಾರ್ಚ್ 7ರಂದು ಪೇಟೆಯೂ 21ರ ರಾತ್ರಿ ಕೋಟೆಯೂ ಅದರ ಕೈವಶವಾದವು. ಹೊಸಕೋಟೆ, ಬೆಂಗಳೂರು ಮೊದಲಾದ ಸ್ಥಳಗಳನ್ನು ಹಂಟರ್ ಚಿತ್ರಿಸಿದನು. 1792ರಲ್ಲಿ ಅವನು ಮರಣ ಹೊಂದಿದನು.

ತಯಾರಿಕೆಯ ವಿಧಾನ

ಇದು ಎಚ್ಚಿಂಗ್ ಕಲೆಯ ಒಂದು ಪ್ರಕಾರವಾದ ಅಕ್ವಾಟಿಂಟ್ ವಿಧಾನದ ಚಿತ್ರ. ಎಚ್ಚಿಂಗ್‌ನಲ್ಲಿ ತಾಮ್ರದ ತಗಡಿಗೆ ಮೇಣದಂಥ ಲೇಪ ಹಚ್ಚಿ, ಸೂಜಿಯಿಂದ ಗೆರೆ ಎಳೆದು, ಆಮ್ಲದಲ್ಲಿ ಮುಳುಗಿಸುತ್ತಾರೆ. ಲೇಪ ಕಿತ್ತುಹೋದ ಗೆರೆಗಳನ್ನು ಮಾತ್ರ ಆಮ್ಲ ಕೊರೆಯುತ್ತದೆ. ಅಕ್ವಾಟಿಂಟ್‌ನಲ್ಲಿ ರಾಳದ ಪುಡಿಯನ್ನು ತಗಡಿನ ಮೇಲೆ ಅಂಟಿಸುವುದರಿಂದ ಗೆರೆಯ ಬದಲು ನೆರಳಿನ ಛಾಯೆಗಳು ಮೂಡುತ್ತವೆ. ತಗ್ಗುಗಳಲ್ಲಿ ಮಸಿ ತುಂಬಿ ಕಾಗದದ ಮೇಲೆ ಒತ್ತಿದರೆ ಚಿತ್ರ ಸಿದ್ಧವಾಗುತ್ತದೆ. ಇಂತಹ ಚಿತ್ರಗಳಿಗೆ ಸಾಮಾನ್ಯವಾಗಿ ಕೈಯಿಂದ ಬಣ್ಣ ಹಚ್ಚಲಾಗುತ್ತಿತ್ತು.

ಕೋಟೆ ಮತ್ತು ಪೇಟೆ

ಆ ಕಾಲದ ಬೆಂಗಳೂರು ಎರಡು ಭಾಗಗಳಲ್ಲಿತ್ತು. ದಕ್ಷಿಣದ ಕೋಟೆಯಲ್ಲಿ ಅರಮನೆ ಇತ್ತು. ಉತ್ತರದಲ್ಲಿ ಕೆಂಪೇಗೌಡನು ಕಟ್ಟಿಸಿದ ಪೇಟೆಯಲ್ಲಿ ವ್ಯಾಪಾರ ನಡೆಯುತ್ತಿತ್ತು. ಅಕ್ಕಿಪೇಟೆ, ಅರಳೆಪೇಟೆ, ಬಳೇಪೇಟೆ, ಕುಂಬಾರಪೇಟೆ ಮುಂತಾದ ಹೆಸರುಗಳು ಅಲ್ಲಿನ ಸರಕು ಮತ್ತು ಕಸುಬುಗಳನ್ನು ಇಂದಿಗೂ ಸೂಚಿಸುತ್ತವೆ.

ಮಹತ್ವ

ಬೆಂಗಳೂರು ಕೋಟೆಯ ಬಹುಭಾಗ ಈಗ ಉಳಿದಿಲ್ಲ. ದೆಹಲಿ ಬಾಗಿಲು, ಗೋಡೆಯ ಒಂದು ಭಾಗ ಹಾಗೂ ಅರಮನೆ ಉಳಿದಿವೆ. 1928ರಲ್ಲಿ ಕೃಷ್ಣರಾಜೇಂದ್ರ ಮಾರುಕಟ್ಟೆ ಸಮೀಪದಲ್ಲೇ ನಿರ್ಮಾಣವಾಯಿತು. ಹೀಗೆ ಅರಮನೆಯ ಆಸುಪಾಸಿನ ರಸ್ತೆಗಳು ಇಂದು ನಗರದ ಅತ್ಯಂತ ಜನನಿಬಿಡ ಮಾರುಕಟ್ಟೆ ಬೀದಿಗಳಾಗಿವೆ. ಛಾಯಾಚಿತ್ರಗಳಿಲ್ಲದ ಕಾಲದ ದಾಖಲೆಗಳೆಂದು ಹಂಟರನ ಚಿತ್ರಗಳಿಗೆ ಬೆಲೆಯಿದೆ. ಆದರೆ ಇವನ್ನು ಚರಿತ್ರೆಯ ಆಧಾರವಾಗಿ ಬಳಸುವಾಗ ಎರಡು ಸಂಗತಿಗಳನ್ನು ಗಮನಿಸಬೇಕು: ಮೂಲಚಿತ್ರ ಬರೆದವನು ದಾಳಿಯಿಟ್ಟ ಸೈನ್ಯದವನು, ತಗಡಿಗೆ ಇಳಿಸಿದವರು ಲಂಡನ್ನಿನ ಕುಶಲಕರ್ಮಿಗಳು. ಅವರ ಕೆಲಸವನ್ನು ತಿದ್ದಲು ಆಗ ಹಂಟರ್ ಬದುಕಿರಲಿಲ್ಲ.